ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಕೇಳಿಬಿಡಿ

ಬಾಗಲಕೋಟೆಯಲ್ಲಿ ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ, ಯಾರು ಚೆನ್ನಾಗಿ ಮಾಡ್ತಾರೆ ಅಂತ ಈಚೆಗೆ ಜಾಸ್ತಿ ಜನ ಕೇಳುತ್ತಿದ್ದಾರೆ. ನಮ್ಮ ಮನೆಯಲ್ಲೂ ಕೇಳಿದರು. ಗುಳೇದಗುಡ್ಡದ ನಮ್ಮ ಚಿಗವ್ವ ವರ್ಷಾನುಗಟ್ಟಲೆ ಮಗ್ಗದ ಮುಂದೆ ಕೂತು ಖಣ ನೇಯ್ದವರು, ಈಗ ಸೊಂಟ ಹಿಡಿದರೆ ಏಳುವುದಕ್ಕೇ ಆಗುವುದಿಲ್ಲ. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಯಾರ ಹತ್ತಿರ ಹೋದರೂ ಏನು ಕೇಳಬೇಕು ಅನ್ನೋದನ್ನು ಹೇಳುತ್ತೇನೆ. ನಮ್ಮ ಕಡೆ ಡಾಕ್ಟರನ್ನು ಪ್ರಶ್ನೆ ಕೇಳಿದರೆ ಮರ್ಯಾದೆ ಕೊಡಲಿಲ್ಲ ಅಂದುಕೊಳ್ಳುತ್ತಾರೆ, ಅಲ್ವಾ? ಅದು ಹೋಗಬೇಕು.

ಮೊದಲು ಏನು ಓದಿದ್ದೀರಿ, ಸೂಜಿ ಹಾಕುವುದನ್ನು ಎಲ್ಲಿ ಕಲಿತಿರಿ? ಇವು ಎರಡೂ ಬೇರೆ ಬೇರೆ ಪ್ರಶ್ನೆ, ಎರಡನ್ನೂ ಕೇಳಿ. ಎಂಬಿಬಿಎಸ್, ಬಿಎಎಂಎಸ್, ಬಿಎನ್‌ವೈಎಸ್, ಯಾವುದೇ ಇರಲಿ, ಆ ಪದವಿಗೆ ನೋಂದಣಿ ಸಂಖ್ಯೆ ಇರುತ್ತದೆ. ಬಿಎನ್‌ವೈಎಸ್ ಅಂದರೆ ಪ್ರಕೃತಿ ಚಿಕಿತ್ಸೆಯ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಅದರ ಪಾಠದಲ್ಲೇ ಅಕ್ಯುಪಂಕ್ಚರ್ ಬರುತ್ತದೆ. ಕ್ಲಿನಿಕ್ಕಿನ ಗೋಡೆಯ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಇದೆಯಾ ಅಂತಲೂ ನೋಡಿ. ಮೀರಜಿಗೋ ಸೊಲ್ಲಾಪುರಕ್ಕೋ ಹೋಗುವವರು ಇನ್ನೊಂದು ಕೇಳಬಹುದು: ಮಹಾರಾಷ್ಟ್ರದಲ್ಲಿ ಈ ಚಿಕಿತ್ಸೆಗೆಂದೇ ಕಾಯ್ದೆ ಇದೆ, ಕೌನ್ಸಿಲ್ ಇದೆ, ಅದರ ನೋಂದಣಿ ನಿಮಗಿದೆಯಾ ಅಂತ.

ಗೋಡೆ ತುಂಬಾ ಸರ್ಟಿಫಿಕೇಟ್ ಇದ್ದರೆ ಹತ್ತಿರ ಹೋಗಿ ಓದಿ. ಎರಡು ದಿನದ ಶಿಬಿರದಲ್ಲಿ ಭಾಗವಹಿಸಿದ ಪತ್ರಕ್ಕೂ ಬಂಗಾರದ ಅಂಚಿನ ಫ್ರೇಮ್ ಹಾಕಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ, ಆಗಲೇ ಡಾಕ್ಟರ್ ಆಗಿರುವವರು ಕೆಲವೇ ತೊಂದರೆಗಳಿಗೆ ಮಾತ್ರ ಇದನ್ನು ಬಳಸುವುದಾದರೂ ಕನಿಷ್ಠ 200 ಗಂಟೆ ಕಲಿಯಬೇಕು ಅಂತಿದೆ. ಹಾಗಾಗಿ ಬೋರ್ಡಿನಲ್ಲಿ ದೊಡ್ಡ ಪದವಿ ಕಂಡಿತು ಅಂತ ಎರಡನೇ ಪ್ರಶ್ನೆ ಬಿಡಬೇಡಿ.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಡಾ. ಬಿ. ಕೆ. ಬಸು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿ ಅವರೂ ಇದ್ದರು. ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಬಸು ಭಾರತಕ್ಕೆ ಬಂದು, 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೊಲ್ಕತ್ತಾದಲ್ಲಿ ಶುರು ಮಾಡಿದರು. ಅಷ್ಟು ಅನುಭವ ಇದ್ದ ಡಾಕ್ಟರೇ ಇದಕ್ಕಾಗಿ ಮತ್ತೆ ವಿದ್ಯಾರ್ಥಿ ಆದರು.

ಇನ್ನು ಸೂಜಿ. ಇದರಲ್ಲಿ ಮಾತ್ರ ಯಾರ ಮುಲಾಜೂ ಬೇಡ. ಒಮ್ಮೆ ಬಳಸಿ ಎಸೆಯುವ ಸೂಜಿ, ಸೀಲ್ ಇರುವ ಪ್ಯಾಕೆಟ್, ಅದನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು. ನಾನು ನೋಡಿದ ಒಂದು ಕಡೆ ಚಿಕ್ಕ ಚಿಕ್ಕ ಡಬ್ಬಿಗಳ ಮೇಲೆ ರೋಗಿಗಳ ಹೆಸರು ಬರೆದು ಸೂಜಿ ಇಟ್ಟಿದ್ದರು, ಮುಂದಿನ ವಾರ ಅವನ್ನೇ ಚುಚ್ಚುವುದಕ್ಕೆ. "ನಿಮ್ಮ ಸೂಜಿ ನಿಮಗ ಅಲ್ರೀ, ಏನ ಆಗ್ತೈತಿ?" ಅಂದರು. ಡಬ್ಬಿ ಅದಲುಬದಲಾದರೆ? ಹೆಪಟೈಟಿಸ್ ಬಿ ವೈರಸ್ ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡುತ್ತದೆ, ಸ್ಪಿರಿಟ್‌ನಲ್ಲಿ ಅದ್ದಿ ತೆಗೆದರೆ ಸೂಜಿ ಶುದ್ಧ ಆಗುವುದಿಲ್ಲ. ಅಲ್ಲಿಂದ ಚಿಗವ್ವನನ್ನು ಎಬ್ಬಿಸಿಕೊಂಡು ಬಂದೆ. "ಡಾಕ್ಟ್ರ ಬೇಜಾರ ಮಾಡ್ಕೋತಾರ" ಅಂತ ದಾರಿಯುದ್ದಕ್ಕೂ ಅಂದರು. ಮಾಡಿಕೊಳ್ಳಲಿ ಬಿಡಿ.

ಮೊದಲ ದಿನ ನಿಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಅನ್ನೋದೂ ಮುಖ್ಯ. ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಪೇಸ್‌ಮೇಕರ್ ಇದೆಯಾ, ಬಸುರಿಯಾ, ಸಕ್ಕರೆ ಕಾಯಿಲೆ ಇದೆಯಾ, ಇಷ್ಟೂ ಕೇಳದೆ ನೇರ ಮಲಗಿಸಿದರೆ ಎದ್ದು ಬನ್ನಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ಚಿಕಿತ್ಸೆ ಅಪಾಯ ತರಬಹುದು.

ಸೂಜಿ ಚಿಕಿತ್ಸೆಯಿಂದ ಹಳೇ ನೋವು, ಮೈಗ್ರೇನ್ ತಲೆನೋವು ಕೆಲವರಿಗೆ ಕಡಿಮೆ ಆಗುತ್ತದೆ, ಎಲ್ಲರಿಗೂ ಅಲ್ಲ. ಸಕ್ಕರೆ ಕಾಯಿಲೆ ಬುಡಸಮೇತ ಕಿತ್ತು ಹಾಕ್ತೀನಿ, ಇನ್ಸುಲಿನ್ ನಿಲ್ಲಿಸಿ ಅನ್ನುವವರ ಹತ್ತಿರ ಒಂದು ನಿಮಿಷವೂ ಕೂರಬೇಡಿ. ಒಳ್ಳೆಯವರು ನಿಮ್ಮ ಎಕ್ಸ್‌ರೇ ನೋಡುತ್ತಾರೆ. ಕಾಲು ಜೋಮು ಹಿಡಿದು ಬಲ ಹೋಗಿದ್ದರೆ, ಮೂತ್ರ ಹಿಡಿಯುವುದಕ್ಕೆ ಆಗದಿದ್ದರೆ, ಇದು ನನ್ನ ಕೆಲಸ ಅಲ್ಲ, ಈಗಲೇ ಆಸ್ಪತ್ರೆಗೆ ಹೋಗಿ ಅಂತ ಅವರೇ ಕಳಿಸುತ್ತಾರೆ. ದುಡ್ಡಿನ ವಿಷಯದಲ್ಲೂ ಅಷ್ಟೇ. ಇಪ್ಪತ್ತು ಸಲದ ಹಣ ಮುಂಗಡ ಕಟ್ಟಿ ಅಂದರೆ ಒಪ್ಪಬೇಡಿ. ಒಂದೊಂದು ಸಲಕ್ಕೆ ಕೊಡಿ, ನಾಲ್ಕೈದು ಸಲ ಆದ ಮೇಲೆ ಏನಾದರೂ ಫರಕು ಕಂಡಿತಾ ಅಂತ ನೀವೇ ನೋಡಿಕೊಳ್ಳಿ.

ಚುಚ್ಚಿದ ಜಾಗದಲ್ಲಿ ಸ್ವಲ್ಪ ರಕ್ತ, ಸಣ್ಣ ಕಲೆ, ಸ್ವಲ್ಪ ತಲೆ ತಿರುಗುವುದು ಇವು ಆಗುವಂಥವೇ. ಆದರೆ ಎದೆ, ಬೆನ್ನಿನ ಮೇಲ್ಭಾಗ ಅಥವಾ ಹೆಗಲಿಗೆ ಸೂಜಿ ಹಾಕಿಸಿಕೊಂಡ ಮೇಲೆ ಎದೆ ನೋವು ಬಂದು ಉಸಿರು ಕಟ್ಟಿದ ಹಾಗಾದರೆ, ಅಪರೂಪಕ್ಕೆ ಸೂಜಿ ಶ್ವಾಸಕೋಶಕ್ಕೆ ತಾಗಿರುವುದುಂಟು. ನಾಳೆ ನೋಡೋಣ ಅನ್ನದೆ ತಕ್ಷಣ ಆಸ್ಪತ್ರೆಗೆ ಹೋಗಿ, ಎಲ್ಲಿ ಸೂಜಿ ಹಾಕಿದ್ದರು ಅಂತ ಅಲ್ಲಿನ ಡಾಕ್ಟರಿಗೆ ಮರೆಯದೆ ಹೇಳಿ.