ಮುಳುಗಡೆ ಮನೆಯ ವಿಳಾಸ, ಜರ್ಮನಿಗೆ ಹೋಗಬೇಕಾದ ಕಾರ್ಡು

14 ಅಕ್ಟೋಬರ್ 2024, ಸೋಮವಾರ
ನವನಗರ, ಬಾಗಲಕೋಟೆ

ತಮ್ಮನ ಹೊಸ ಡೆಬಿಟ್ ಕಾರ್ಡು ಇವತ್ತು ಸ್ಪೀಡ್ ಪೋಸ್ಟಿನಲ್ಲಿ ಬಂತು. ನಾಳೆಯೇ ಕೊರಿಯರ್ ಮಾಡಬೇಕು.

ಅವನು ಕೆಲಸಕ್ಕೆ ಅಂತ ಸ್ಟುಟ್‌ಗಾರ್ಟ್‌ಗೆ ಹೋಗಿ ಜಾಸ್ತಿ ದಿನ ಆಗಿಲ್ಲ. ಲೋಕಲ್ ಟ್ರೇನಿನಲ್ಲಿ ಪಾಕೀಟು ಕಳೆಯಿತು. ಅಲ್ಲಿ ಮನೆ ಹಿಡಿದು, ಆ ವಿಳಾಸ ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾಗದೆ ಬ್ಯಾಂಕ್ ಖಾತೆ ಸಲೀಸಾಗಿ ಸಿಗುವುದಿಲ್ಲ. ಅಲ್ಲಿಯವರೆಗೆ ಊರಿನ ಕಾರ್ಡೇ ಗತಿ. ಪುಣ್ಯಕ್ಕೆ, ಗೊತ್ತಾದ ಕೂಡಲೇ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿದ. ಬ್ಯಾಂಕಿಗೆ ತಿಳಿಸಿದ ಮೇಲೆ ಯಾರಾದರೂ ದುಡ್ಡು ಎಳೆದರೆ ಆ ನಷ್ಟ ಬ್ಯಾಂಕಿನದು ಅಂತ ರಿಸರ್ವ್ ಬ್ಯಾಂಕಿನ 2017ರ ನಿಯಮವೇ ಇದೆ.

ಕಷ್ಟ ಶುರುವಾಗಿದ್ದು ಹೊಸ ಕಾರ್ಡ್ ಕೇಳಿದಾಗ. ದಾಖಲೆಯಲ್ಲಿರುವ ವಿಳಾಸಕ್ಕೆ ಮಾತ್ರ ಕಳಿಸುತ್ತೇವೆ ಅಂದರು. ಆ ವಿಳಾಸ ಯಾವುದು? ಹಳೆ ಬಾಗಲಕೋಟೆಯ ನಮ್ಮ ಮನೆ! ಅವನು ಶಾಲೆಗೆ ಹೋಗುವಾಗ ಅಪ್ಪ ತೆರೆಸಿದ ಖಾತೆ ಅದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಆ ಓಣಿ ಹೋಯಿತು. ಪರಿಹಾರ ಕೊಟ್ಟು, ಇಲ್ಲಿ ಪ್ಲಾಟು ಕೊಟ್ಟು, ಸರ್ಕಾರವೇ ನಮ್ಮನ್ನು ಎಬ್ಬಿಸಿತು. ಓಣಿ, ಪೇಟೆ ಅಂತ ವಿಳಾಸ ಹೇಳುತ್ತಿದ್ದ ಜನ ಸೆಕ್ಟರ್ ನಂಬರ್ ಹೇಳುವಂತಾಯಿತು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಮಾತ್ರ ಆ ಮನೆ ಇನ್ನೂ ನಿಂತಿದೆ. ಈ ಊರಿನ ಶಾಖೆಗೆ ಮುಳುಗಡೆ ಅಂದರೇನು ಅಂತ ಬಿಡಿಸಿ ಹೇಳಬೇಕಾ? ಇಷ್ಟು ವರ್ಷಗಳಲ್ಲಿ ಅವರೇ ಒಂದು ಸಲ ಕೇಳಬೇಕಿತ್ತು. ನನಗೆ ನಿಜಕ್ಕೂ ಬೇಜಾರಾಯಿತು.

ಶಾಖೆಗೆ ಹೋದರೆ ಖಾತೆದಾರರೇ ಬರಬೇಕು ಅಂದರು. ಅವನೋ ಜರ್ಮನಿಯಲ್ಲಿ. ಕೊನೆಗೆ ದಾರಿ ಸಿಕ್ಕಿದ್ದು ಆಧಾರ್‌ನಿಂದ. ಅದರಲ್ಲಿ ನವನಗರದ ವಿಳಾಸ ಇತ್ತು. ಅದನ್ನಿಟ್ಟುಕೊಂಡು ಅವನು ನೆಟ್ ಬ್ಯಾಂಕಿಂಗ್‌ನಲ್ಲಿ ವಿಳಾಸ ಬದಲಿಸಿದ. ಓಟಿಪಿ ಬಂದಿದ್ದು ಊರಿನ ಸಿಮ್ಮಿಗೆ. ರೋಮಿಂಗ್ ಹಾಕಿಸಿ, ರೀಚಾರ್ಜ್ ಮಾಡಿ ಅದನ್ನು ಜೀವಂತ ಇಟ್ಟಿದ್ದ. ಆ ಸಿಮ್ ಸತ್ತಿದ್ದರೆ ಏನು ಮಾಡುತ್ತಿದ್ದೆವೋ! ಹೊರದೇಶಕ್ಕೆ ಮಕ್ಕಳನ್ನು ಕಳಿಸುವವರು ಶೇಂಗಾ ಚಟ್ನಿ ಕಟ್ಟುವಾಗಲೇ ಇದನ್ನೂ ನೋಡಿಕೊಳ್ಳಿ. ಸಿಮ್ ನಡೆಯಬೇಕು, ಬ್ಯಾಂಕಿನಲ್ಲಿ ಈಗಿನ ವಿಳಾಸ ಇರಬೇಕು, ಆ ವಿಳಾಸದಲ್ಲಿ ಟಪಾಲು ತಗೊಳ್ಳಲು ಒಬ್ಬರಿರಬೇಕು.

"ಪಿನ್ನೂ ನೀನೇ ಹಾಕಿ ಕಳಿಸಿಬಿಡು" ಅಂದಳು ಅವ್ವ. ನಾನು ಒಪ್ಪಲಿಲ್ಲ. ಪಿನ್ ಅವನೊಬ್ಬನಿಗೇ ಗೊತ್ತಿರಬೇಕು. ಹೊಸ ಕಾರ್ಡಿನಲ್ಲಿ ಹೊರದೇಶದ ಬಳಕೆ, ಆನ್‌ಲೈನ್ ಬಳಕೆ ಮೊದಲು ಬಂದ್ ಇರುತ್ತವೆ. 2020ರಿಂದ ಹಾಗೆ. ಕಾರ್ಡು ಕೈಗೆ ಸಿಕ್ಕ ಮೇಲೆ ಅವನೇ ಆ್ಯಪ್‌ನಲ್ಲಿ ಚಾಲೂ ಮಾಡುತ್ತಾನೆ. ನಡುವೆ ಲಕೋಟೆ ಕಳೆದರೂ ಅಷ್ಟು ಭಯವಿಲ್ಲ.

ಸದ್ಯ ಅವನ ಖರ್ಚು ನಡೆಯುತ್ತಿರುವುದು ಪಕ್ಕದ ರೂಮಿನ ವಿಜಯಪುರದ ಹುಡುಗನಿಂದ. ಕೇಳುವ ಮೊದಲೇ ಯೂರೋ ಎಣಿಸಿ ಕೊಟ್ಟನಂತೆ. ಅವನ ಹೆಸರು ಹೇಳಿ ಅವ್ವ ದೇವರಿಗೆ ದೀಪ ಹಚ್ಚಿದ್ದಾಳೆ.

ಇನ್ನೊಂದು ಕೆಲಸ ಬಾಕಿ ಇದೆ. ಹೊರದೇಶದಲ್ಲಿ ಕೆಲಸಕ್ಕೆ ನಿಂತವರು ಇಲ್ಲಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರು ಊರಿನಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ, ಮಾಡಿಸಬೇಕು. ಅರ್ಜಿ ತಂದಿಟ್ಟಿದ್ದೇನೆ, ಕಾರ್ಡಿನ ಜೊತೆ ಅದನ್ನೂ ಅವನ ಸಹಿಗೆ ಕಳಿಸುತ್ತೇನೆ.