ಸದ್ದು ಮಾಡದ ಹಡಗು

ಕೋಸ್ಟ್ ಗಾರ್ಡ್ ಅಂದ ಕೂಡಲೇ ಗಸ್ತು, ರಕ್ಷಣೆ ಅಷ್ಟೇ ನೆನಪಾಗುತ್ತದೆ, ಅಲ್ವಾ? ಜಪಾನಿನಲ್ಲಿ ಸಮುದ್ರದ ತಳ ಅಳೆದು ನಕ್ಷೆ ಮಾಡುವ ಕೆಲಸವೂ ಅವರದೇ. ಅದಕ್ಕೆಂದೇ ಬೇರೆ ಹಡಗುಗಳಿವೆ.

ಇವತ್ತು 'ಶೋಯೋ' ಬಗ್ಗೆ ಓದುತ್ತಾ ಕುಳಿತೆ. 1998ರ ಹಡಗು. ಡೀಸೆಲ್ ಎಂಜಿನ್ ಕರೆಂಟ್ ತಯಾರಿಸುತ್ತದೆ, ಆ ಕರೆಂಟ್‌ನಿಂದ ಮೋಟಾರು ಹಡಗನ್ನು ನಡೆಸುತ್ತದೆ. ಸದ್ದು ಕಮ್ಮಿ ಇರಲಿ ಅಂತ. ಆಳ ಅಳೆಯುವುದೇ ಸದ್ದಿನಿಂದ ತಾನೇ! ಕೆಳಗೆ ಕಳಿಸಿದ ಸದ್ದು ತಳಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದೇ ಲೆಕ್ಕ. 1984ರಲ್ಲಿ ಇವರದೇ 'ತಾಕುಯೋ' ಹಡಗು ಸಮುದ್ರದ ಅತಿ ಆಳದ ಜಾಗವಾದ ಮರಿಯಾನಾ ಕಂದಕದಲ್ಲಿ 10,924 ಮೀಟರ್ ಅಳೆಯಿತು. ಅಲ್ಲಿಂದ ಸದ್ದು ತಿರುಗಿ ಬರಲು 14 ಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟು ಕ್ಷೀಣವಾದ ಸದ್ದು ಕೇಳಿಸಬೇಕಾದರೆ ಹಡಗು ಸುಮ್ನೆ ಇರಲೇಬೇಕು.

ಮನಸ್ಸಿಗೆ ನಾಟಿದ್ದು ಇನ್ನೊಂದು ಸಂಗತಿ. 1952ರ ಸೆಪ್ಟೆಂಬರ್‌ನಲ್ಲಿ ಮ್ಯೋಜಿನ್-ಶೋ ಎಂಬ ಕಡಲೊಳಗಿನ ಜ್ವಾಲಾಮುಖಿಯನ್ನು ನೋಡಲು ಹೋದ 'ಐದನೇ ಕೈಯೋ ಮಾರು' ಎಂಬ ಹಡಗು ಸ್ಫೋಟಕ್ಕೆ ಸಿಕ್ಕಿ ಮುಳುಗಿತು. 31 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಈಗ ಶೋಯೋ ಹತ್ತಿರ 'ಮಾನ್ಬೋ 2' ಎಂಬ ಚಿಕ್ಕ ದೋಣಿ ಇದೆ. ಜನರಿಲ್ಲದೆ ಓಡುತ್ತದೆ. 2015ರಲ್ಲಿ ನಿಶಿನೊಶಿಮಾ ಜ್ವಾಲಾಮುಖಿ ದ್ವೀಪದ ಹತ್ತಿರಕ್ಕೆ ಹೋಗಿ ಅಳೆದಿದ್ದು ಅದೇ. ಯಾರ ಜೀವವನ್ನೂ ಪಣಕ್ಕಿಡದೆ ನಕ್ಷೆ ಸಿಕ್ಕಿತಲ್ಲ, ಓದಿ ನಿಜಕ್ಕೂ ಖುಷಿಯಾಯಿತು.