ಬಾಯ್ಲರ್ ಬಿಸಿಯನ್ನು ಉಪ್ಪಿನಲ್ಲಿ ಕೂಡಿಟ್ಟರೆ?

ಬೆಳಗ್ಗೆಯಿಂದ ಇದೇ ತಲೆಯಲ್ಲಿ ಓಡುತ್ತಿದೆ. ಮಧ್ಯಾಹ್ನ ಪಾವಗಡದ ಸೋಲಾರ್ ಪಾರ್ಕ್ ಜೋರಾಗಿ ಕರೆಂಟ್ ಕೊಡುತ್ತದೆ. ಆಗ ಕಲ್ಲಿದ್ದಲು ಸ್ಥಾವರಗಳು ಉತ್ಪಾದನೆ ಇಳಿಸಬೇಕು, ಸಂಜೆ ಮತ್ತೆ ಏರಿಸಬೇಕು. ಆದರೆ ಬಾಯ್ಲರ್ ಬೇಕೆಂದಾಗ ಏರಿ ಇಳಿಯುವಂಥದ್ದಲ್ಲ. ಬೆಂಕಿ ತುಂಬ ತಗ್ಗಿದರೆ ಉರಿ ಸ್ಥಿರವಾಗಿ ಉಳಿಯುವುದಿಲ್ಲ, ಎಣ್ಣೆ ಸುರಿಯಬೇಕಾಗುತ್ತದೆ. ಪದೇ ಪದೇ ಕಾದು ಆರಿದರೆ ಲೋಹ ಬೇಗ ಸವೆಯುತ್ತದೆ. ನಮ್ಮ ದೇಶದಲ್ಲಿ 2023ರ ನಿಯಮದ ಪ್ರಕಾರ ಕಲ್ಲಿದ್ದಲು ಘಟಕಗಳು ತಮ್ಮ ಪೂರ್ಣ ಸಾಮರ್ಥ್ಯದ 55% ತನಕ ಇಳಿಯುವಂತಿರಲೇಬೇಕು, ಮುಂದೆ ಹಂತಹಂತವಾಗಿ 40%.

ಇಲ್ಲೇ ಕರಗಿದ ಉಪ್ಪು ನನಗೆ ಇಷ್ಟವಾಗೋದು. ಅಡುಗೆ ಉಪ್ಪಲ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಬೆರಕೆ. ಸುಮಾರು 565 ಡಿಗ್ರಿ ತನಕ ಕಾಯಿಸಬಹುದು. ಬಾಯ್ಲರ್ ತನ್ನ ಪಾಡಿಗೆ ಉರಿಯಲಿ, ಮಧ್ಯಾಹ್ನದ ಹೆಚ್ಚುವರಿ ಬಿಸಿ ಉಪ್ಪಿನ ಟ್ಯಾಂಕಿಗೆ ಹೋಗಲಿ. ಸಂಜೆ ಅದರಿಂದಲೇ ಹಬೆ ಮಾಡಿ ಟರ್ಬೈನ್ ತಿರುಗಿಸಬಹುದು. (ಪೈಪಿನಲ್ಲಿ ತಣ್ಣಗಾದರೆ ಗಟ್ಟಿಯಾಗುತ್ತದೆ, ಆ ಕಾಟ ಇದ್ದೇ ಇದೆ.)

ಇದರಿಂದ ಕಲ್ಲಿದ್ದಲಿನ ಹೊಗೆ ಇಲ್ಲವಾಗುವುದಿಲ್ಲ. ಆದರೂ ಮಧ್ಯಾಹ್ನ ಬಿಸಿಲಿನ ಕರೆಂಟನ್ನು ಸುಮ್ನೆ ಬಿಡುವುದು ತಪ್ಪುತ್ತದೆ, ಅಲ್ವಾ? ರಾಯಚೂರಿನ ಒಂದು ಘಟಕದಲ್ಲಾದರೂ ಮಾಡಿ ನೋಡಬೇಕು ಅಂತ ನನ್ನ ಆಸೆ.